ಎಂಸಿಬಿ ಇದೆ ಸರಿ, ಬೀಳುತ್ತದೆಯೇ?

ವಾಣಿಜ್ಯ ಸಂಕೀರ್ಣಕ್ಕೆ ಬೆಂಕಿ ಬಿದ್ದ ಮರುದಿನ ಪತ್ರಿಕೆಯಲ್ಲಿ ಬರುವ ಸಾಲು ಎಲ್ಲರಿಗೂ ಬಾಯಿಪಾಠ: ‘ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ’. ನಿಜವಾಗಿ ಶಾರ್ಟ್ ಆದರೆ ನೂರಾರು, ಸಾವಿರಾರು ಆಂಪಿಯರ್ ಹರಿದು ಬ್ರೇಕರ್ (ಎಂಸಿಬಿಯಂಥ, ಕರೆಂಟು ಮಿತಿ ಮೀರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಆ ಕ್ಷಣವೇ ಬೀಳಬೇಕು, ಅಂದರೆ ಆಫ್ ಆಗಬೇಕು. ಎಷ್ಟೋ ಸಲ ಶಾರ್ಟ್ ಆಗುವುದು ಕೊನೆಗೆ, ವೈರಿನ ಮೇಲಿನ ಪಿವಿಸಿ ಕರಗಿ ಹೋದ ಮೇಲೆ. ಅದನ್ನು ಕರಗಿಸಿದ್ದು ವಾರಗಟ್ಟಲೆ ಸದ್ದಿಲ್ಲದೆ ಬಿಸಿಯಾಗುತ್ತಿದ್ದ ಒಂದು ಸಡಿಲ ಬೋಲ್ಟು.

ಲೆಕ್ಕ ಹಾಕಿ ನೋಡಿ. 60 ಆಂಪಿಯರ್ ಹರಿಯುವ ಕೇಬಲ್ಲಿನ ಲಗ್ (ತುದಿಗೆ ಹಾಕುವ ಲೋಹದ ಕೊಂಡಿ) ಸಡಿಲಾಗಿ ಆ ಜಾಗದಲ್ಲಿ 0.05 ಓಮ್ ರೋಧ ಹುಟ್ಟಿತು ಅಂತಿಟ್ಟುಕೊಳ್ಳಿ. 60 × 60 × 0.05 ಅಂದರೆ 180 ವ್ಯಾಟ್. ಹೆಬ್ಬೆರಳಿನಷ್ಟು ಜಾಗದಲ್ಲಿ ಅಷ್ಟು ಶಾಖ! ವೋಲ್ಟೇಜ್ ಇಳಿಯುವುದು ಬರೀ 3 ವೋಲ್ಟ್, ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟು ಅದೇ 60 ಆಂಪಿಯರ್ ಇರುವುದರಿಂದ ಬ್ರೇಕರ್ ಪಾಲಿಗೆ ಎಲ್ಲವೂ ಸರಿ. ಅದು ಬೀಳಲು ಕಾರಣವೇ ಇಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರದ್ದಿತ್ತು, 2023ರಲ್ಲಿ ಹೊಸದು ಬಂತು. ನಿಯತಕಾಲಿಕ ತಪಾಸಣೆಗಳ ನಡುವಿನ ಅಂತರ 5 ವರ್ಷ ಮೀರಬಾರದು ಎನ್ನುವುದು ಕಾನೂನಿನ ಮಾತು. ಕರ್ನಾಟಕದಲ್ಲಿ ಇದರ ಉಸ್ತುವಾರಿ ವಿದ್ಯುತ್ ಪರಿವೀಕ್ಷಣಾಲಯದ್ದು. ಆದರೆ 5 ವರ್ಷ ಎನ್ನುವುದು ಗರಿಷ್ಠ ಮಿತಿ. ಕೆಳಗೆ ದರ್ಶಿನಿ, ಮೇಲೆ ಬಟ್ಟೆ ಅಂಗಡಿ, ಅದರ ಮೇಲೆ ಆಫೀಸು ಇರುವ ಕಟ್ಟಡದಲ್ಲಿ ಕರೆಂಟು ಹಂಚುವ ಪ್ಯಾನೆಲ್ಲನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಬಾಡಿಗೆದಾರ ಬದಲಾದಾಗಲೆಲ್ಲ ಲೋಡು ಬದಲಾಗುತ್ತದೆ, ಕೇಬಲ್ ಮಾತ್ರ ಹಳೆಯದೇ ಉಳಿಯುತ್ತದೆ.

ತಪಾಸಣೆ ಎಂಬ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ‘ಇದೆಯೇ’ ಎಂಬ ಪ್ರಶ್ನೆಗೆ ಟಿಕ್ ಹಾಕುವ ಕೆಲಸ. ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಇದೆ, ಟಿಕ್. ಅರ್ಥ್ ಪಿಟ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಗುಂಡಿ) ಇದೆ, ಟಿಕ್. ರಬ್ಬರ್ ಮ್ಯಾಟ್ ಇದೆ, ಟಿಕ್. ಕೇಳಬೇಕಾದದ್ದು ಬೇರೆ: ಬೀಳಬೇಕಾದದ್ದು ಬೀಳುತ್ತದೆಯೇ, ಬಿಸಿಯಾಗಬಾರದ್ದು ಬಿಸಿಯಾಗುತ್ತಿದೆಯೇ? ಎರಡಕ್ಕೂ ಉತ್ತರ ಸಿಗುವುದು ಮೀಟರಿನಿಂದ ಮಾತ್ರ.

ಮೊದಲ ಸುತ್ತು ಲೋಡು ಇರುವಾಗಲೇ ಆಗಬೇಕು. ಭಾನುವಾರ ಬೆಳಿಗ್ಗೆ ಎಲ್ಲಾ ಅಂಗಡಿ ಮುಚ್ಚಿರುವಾಗ ಥರ್ಮಲ್ ಕ್ಯಾಮೆರಾ ಹಿಡಿದು ಬಂದರೆ ಪ್ಯಾನೆಲ್ ತಣ್ಣಗೆ ಕಾಣುತ್ತದೆ, ವರದಿಯೂ ಚೆನ್ನಾಗಿ ಬರುತ್ತದೆ, ಉಪಯೋಗ ಮಾತ್ರ ಸೊನ್ನೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ಲೋಡಿನಲ್ಲಿ ಕಾಣುವುದು ಕಾಲು ಭಾಗ ಶಾಖ. ಹೋಟೆಲಿದ್ದರೆ ಮಧ್ಯಾಹ್ನದ ಊಟದ ಹೊತ್ತು, ಬಟ್ಟೆ ಅಂಗಡಿಗೆ ಸಂಜೆ ಏಳರ ನಂತರ, ಆಫೀಸಿಗೆ ಏಪ್ರಿಲ್‌ನ ಮಧ್ಯಾಹ್ನ. ಪ್ರತಿ ಚಿತ್ರದ ಜೊತೆ ಆ ಹೊತ್ತಿನ ಆಂಪಿಯರ್ ಬರೆದಿರಬೇಕು. ಪ್ಯಾನೆಲ್ ಮುಂದಿನ ಅಕ್ರಿಲಿಕ್ ಹಾಳೆ ತೆಗೆಯದೆ ತೆಗೆದ ಥರ್ಮಲ್ ಚಿತ್ರ ಅಕ್ರಿಲಿಕ್ಕಿನ ಉಷ್ಣತೆ ಹೇಳುತ್ತದೆ, ಕರೆಂಟು ಹಂಚುವ ಲೋಹದ ಪಟ್ಟಿಯಾದ ಬಸ್‌ಬಾರ್‌ನದ್ದಲ್ಲ. ಹೊಳೆಯುವ ತಾಮ್ರವೂ ಕ್ಯಾಮೆರಾಗೆ ಸುಳ್ಳು ಹೇಳುತ್ತದೆ. ಹಾಗಾಗಿ ನೋಡಬೇಕಾದದ್ದು ಅದರ ಪಕ್ಕದ ಸ್ಲೀವು ಅಥವಾ ಟೇಪು. ಮೂರೂ ಫೇಸಿನ ಲೋಡು ಹೆಚ್ಚುಕಡಿಮೆ ಒಂದೇ ಇದ್ದು, ಒಂದು ಲಗ್ ಮಾತ್ರ ಉಳಿದೆರಡಕ್ಕಿಂತ 15 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಅದನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ.

ಬಿಸಿ ಲಗ್ ಸಿಕ್ಕಿತು. ಈಗ ಸ್ಪ್ಯಾನರ್ ತಂದು ಒಂದು ಸುತ್ತು ಬಿಗಿ ಮಾಡುವವರೇ ಹೆಚ್ಚು. ಅದು ರಿಪೇರಿಯಲ್ಲ. ಅಲ್ಯುಮಿನಿಯಂ ಮೆತ್ತಗಿನ ಲೋಹ. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಬೋಲ್ಟಿನ ಕೆಳಗೆ ಚಪ್ಪಟೆಯಾಗಿ ಜಾಗ ಬಿಟ್ಟುಕೊಡುತ್ತದೆ. ಆ ಸಂದಿಯಲ್ಲಿ ಹುಟ್ಟುವ ಆಕ್ಸೈಡ್ ಪದರ ಕರೆಂಟನ್ನು ಬಿಡುವುದಿಲ್ಲ. ಮೇಲಿನಿಂದ ಬಿಗಿದರೂ ಆ ಪದರ ಒಳಗೇ ಉಳಿಯುತ್ತದೆ. ಬಣ್ಣಗೆಟ್ಟ ಲಗ್ಗನ್ನು ಕತ್ತರಿಸಿ, ಕೇಬಲ್ಲಿನ ಕಪ್ಪಾದ ಭಾಗವನ್ನೂ ತೆಗೆದು, ಎಳೆಗಳನ್ನು ಬ್ರಷ್‌ನಿಂದ ಉಜ್ಜಿ, ಸರಿಯಾದ ಅಳತೆಯ ಡೈ (ಅಚ್ಚು) ಹಾಕಿ ಹೊಸ ಲಗ್ ಒತ್ತಿ ಕ್ರಿಂಪ್ ಮಾಡಬೇಕು. ಅಲ್ಯುಮಿನಿಯಂ ಕೇಬಲ್ ತಾಮ್ರದ ಬಸ್‌ಬಾರ್‌ಗೆ ಕೂರುವಲ್ಲಿ ಎರಡೂ ಲೋಹ ಸೇರಿದ ಬೈಮೆಟಲ್ ಲಗ್ ಬೇಕು. ಬಿಗಿಯುವುದು ತಿರುಚುವ ಬಲ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ, ಬ್ರೇಕರ್ ತಯಾರಕರು ಕೊಟ್ಟ ಅಂಕಿಗೆ. ಕೈಬಲದ ಅಂದಾಜು ಇಲ್ಲಿ ನಡೆಯದು, ಅತಿಯಾಗಿ ಬಿಗಿದರೂ ಎಳೆಗಳು ತುಂಡಾಗುತ್ತವೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಬಾರ್‌ವರೆಗೆ ಪೇಂಟಿನ ಒಂದು ಗೆರೆ ಎಳೆದರೆ, ಮುಂದಿನ ಸಲ ಬೋಲ್ಟು ತಿರುಗಿದ್ದು ಕಣ್ಣಿಗೇ ಕಾಣುತ್ತದೆ.

ಇನ್ನು ಅರ್ಥಿಂಗ್. ಪಿಟ್‌ನ ರೋಧ 5 ಓಮ್‌ಗಿಂತ ಕಡಿಮೆ ಬಂದರೆ ಮಾಲೀಕರಿಗೆ ನೆಮ್ಮದಿ. ‘ಅರ್ಥಿಂಗ್ ಗಟ್ಟಿಯಾಗಿದೆ, ಶಾಕ್ ಹೊಡೆಯುವ ಮೊದಲೇ ಎಂಸಿಬಿ ಬೀಳುತ್ತೆ’ ಅನ್ನುವ ಎಲೆಕ್ಟ್ರಿಷಿಯನ್ನರು ಪ್ರತಿ ಊರಲ್ಲೂ ಇದ್ದಾರೆ. ಈ ನಂಬಿಕೆಯಷ್ಟು ಅಪಾಯದ್ದು ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಎಸ್ಕಾಂನಿಂದ (ವಿದ್ಯುತ್ ಸರಬರಾಜು ಕಂಪನಿ) ನೇರ ಎಲ್‌ಟಿ (ಕಡಿಮೆ ವೋಲ್ಟೇಜಿನ) ಸಂಪರ್ಕ ಪಡೆದ ಕಟ್ಟಡದಲ್ಲಿ ಗ್ರೈಂಡರ್ ಬಾಡಿಗೆ ಫೇಸ್ ತಗುಲಿತು ಅನ್ನಿ. ಆ ಕರೆಂಟು ನಿಮ್ಮ ಪಿಟ್‌ನಲ್ಲಿ ಇಳಿದು, ಮಣ್ಣಿನ ಮೂಲಕ ರಸ್ತೆಯ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅರ್ಥ್‌ಗೆ ಮರಳಬೇಕು. ನಿಮ್ಮದು 4 ಓಮ್, ಅವರದ್ದು 1 ಓಮ್, ಒಟ್ಟು 5. ಹರಿಯುವುದು 230 ÷ 5, ಅಂದರೆ 46 ಆಂಪಿಯರ್. ಆ ಸರ್ಕ್ಯೂಟಿಗೆ ಇರುವುದು ಸಿ ಕರ್ವ್ ಎಂಬ ಬಗೆಯ 32 ಆಂಪಿಯರ್ ಎಂಸಿಬಿ. ಅದು ತಕ್ಷಣ ಬೀಳಬೇಕಾದರೆ 5ರಿಂದ 10 ಪಟ್ಟು, ಅಂದರೆ 160ರಿಂದ 320 ಆಂಪಿಯರ್ ಬೇಕು. 1.45 ಪಟ್ಟು ಕರೆಂಟಿಗೆ, ಅಂದರೆ 46.4 ಆಂಪಿಯರ್‌ಗೆ, ಒಂದು ಗಂಟೆಯೊಳಗೆ ಬಿದ್ದರೆ ಸಾಕು ಎನ್ನುತ್ತದೆ ಮಾನದಂಡ. ನಮ್ಮ 46 ಅದಕ್ಕೂ ಕೂದಲೆಳೆಯಷ್ಟು ಕಡಿಮೆ. ಅಷ್ಟು ಹೊತ್ತೂ ಗ್ರೈಂಡರಿನ ಬಾಡಿ ಮೇಲೆ 46 × 4, ಅಂದರೆ 184 ವೋಲ್ಟ್ ನಿಂತಿರುತ್ತದೆ, ಒದ್ದೆ ನೆಲದಲ್ಲಿ ಬರಿಗಾಲಿನ ಹುಡುಗ ಹಿಟ್ಟು ತೆಗೆಯುತ್ತಿರುವಾಗ.

ಅಲ್ಲಿ ಜೀವ ಉಳಿಸುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಪಿಟ್ 100 ಓಮ್ ಇದ್ದರೂ 2.3 ಆಂಪಿಯರ್ ಹರಿಯುತ್ತದೆ, ಅದಕ್ಕೆ ಅಷ್ಟು ಧಾರಾಳ ಸಾಕು. ಪರೀಕ್ಷಿಸುವಾಗ ಟೆಸ್ಟರ್ ಹಾಕಿ ಮೂರು ಅಂಕಿ ಬರೆಸಿಕೊಳ್ಳಿ: 15 ಮಿಲಿಆಂಪಿಯರ್‌ಗೆ ಬೀಳಬಾರದು, 30ಕ್ಕೆ 0.3 ಸೆಕೆಂಡಿನೊಳಗೆ ಬೀಳಬೇಕು, 150ಕ್ಕೆ 0.04 ಸೆಕೆಂಡಿನೊಳಗೆ. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದು ಒಳ್ಳೆಯದೇ. ಆದರೆ ಅದು ಒಳಗಿನ ಯಂತ್ರ ಜಡ್ಡುಗಟ್ಟಿಲ್ಲ ಎಂದಷ್ಟೇ ಹೇಳುತ್ತದೆ. ಅರ್ಥ್ ವೈರ್ ಪೂರ್ತಿ ಕಿತ್ತುಹೋಗಿದ್ದರೂ ಗುಂಡಿ ಒತ್ತಿದರೆ ಬೀಳುತ್ತದೆ.

ಆರ್‌ಸಿಸಿಬಿ ಕುರಿತ ದೂರು ಒಂದೇ, ‘ಸುಮ್ಮಸುಮ್ಮನೆ ಬೀಳುತ್ತೆ ಸಾರ್’. ಆಮೇಲೆ ಯಾರೋ ಬಂದು ಅದನ್ನು ಬೈಪಾಸ್ ಮಾಡಿ ಹೋಗಿರುತ್ತಾರೆ. ಹೊರಗಿನಿಂದ ನೋಡಿದರೆ ಡಿಬಿಯಲ್ಲಿ (ಬ್ರೇಕರ್‌ಗಳ ಪೆಟ್ಟಿಗೆ) ಆರ್‌ಸಿಸಿಬಿ ಮೊದಲಿನಂತೆಯೇ ಕೂತಿರುತ್ತದೆ, ಕವರ್ ಬಿಚ್ಚಿದರೆ ವೈರ್ ಅದರ ಪಕ್ಕದಿಂದ ಹೋಗಿರುತ್ತದೆ. ಸುಮ್ಮನೆ ಬೀಳುವುದಕ್ಕೆ ಕಾರಣಗಳು ಕೆಲವೇ. ಇಡೀ ಮಹಡಿಗೆ ಒಂದೇ ಆರ್‌ಸಿಸಿಬಿ ಹಾಕಿದ್ದಾರೆ, ಪ್ರತಿ ಕಂಪ್ಯೂಟರಿನ ಫಿಲ್ಟರ್ ಸುಮಾರು ಒಂದು ಮಿಲಿಆಂಪಿಯರ್ ಸೋರಿಸುತ್ತದೆ, ಇಪ್ಪತ್ತು ಕಂಪ್ಯೂಟರ್ ಸೇರಿದರೆ ಬೀಳದೆ ಉಳಿಯುವ ಮಿತಿಯಾದ 15 ದಾಟುತ್ತದೆ. ಇಲ್ಲವೇ ಎರಡು ಆರ್‌ಸಿಸಿಬಿಗಳ ಕೆಳಗಿನ ನ್ಯೂಟ್ರಲ್‌ಗಳು ಒಂದೇ ಲಿಂಕಿನಲ್ಲಿ ಕೂಡಿವೆ. ಅದೂ ಅಲ್ಲದಿದ್ದರೆ ಗೀಸರಿನದ್ದೋ ಇಡ್ಲಿ ಸ್ಟೀಮರಿನದ್ದೋ ಕಾಯಿಲ್‌ಗೆ ತೇವ ಹೊಕ್ಕಿದೆ. ಲೀಕೇಜ್ ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಕಿ ಸರ್ಕ್ಯೂಟುಗಳನ್ನು ಒಂದೊಂದಾಗಿ ನೋಡಿದರೆ ಕಳ್ಳ ಹತ್ತು ನಿಮಿಷದಲ್ಲಿ ಸಿಗುತ್ತಾನೆ.

ಪಿಟ್‌ನ ರೋಧ ಅಳೆಯುವಾಗ ಅದನ್ನು ಕಟ್ಟಡದ ಅರ್ಥಿಂಗ್‌ಗೆ ಜೋಡಿಸುವ ಲಿಂಕ್ ಬಿಚ್ಚಿರಬೇಕು. ಹಿಂದಿನ ರಾತ್ರಿ ನಾಲ್ಕು ಬಿಂದಿಗೆ ನೀರು ಸುರಿದು ತೋರಿಸುವ ಅಂಕಿ ಮಣ್ಣು ಒಣಗುವ ಮೇ ತಿಂಗಳಲ್ಲಿ ನಿಲ್ಲುವುದಿಲ್ಲ.

ಎಲ್ಲರೂ ಮರೆಯುವುದು ನ್ಯೂಟ್ರಲ್ಲನ್ನು. ಮೂರು ಫೇಸ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಏನೂ ಇರುವುದಿಲ್ಲ ಎಂದು ಓದಿದ್ದು ಹೀಟರ್, ಮೋಟಾರ್‌ಗಳ ಕಾಲಕ್ಕೆ ಸರಿ. ಎಲ್‌ಇಡಿ ಡ್ರೈವರ್, ಕಂಪ್ಯೂಟರ್, ಯುಪಿಎಸ್‌ಗಳು ಎಳೆಯುವ ಮೂರನೇ ಹಾರ್ಮೋನಿಕ್ ಕರೆಂಟು (ಮೂಲ ಆವರ್ತನದ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಭಾಗ) ನ್ಯೂಟ್ರಲ್‌ನಲ್ಲಿ ಕಳೆಯುವುದಿಲ್ಲ, ಕೂಡುತ್ತದೆ. ಫೇಸಿಗೆ 30 ಆಂಪಿಯರ್ ಮೂರನೇ ಹಾರ್ಮೋನಿಕ್ ಇದ್ದರೆ ನ್ಯೂಟ್ರಲ್‌ನಲ್ಲಿ 90. ಹಳೆಯ ಕಟ್ಟಡದಲ್ಲಿರುವುದು ಮೂರೂವರೆ ಕೋರ್ ಕೇಬಲ್, ಫೇಸ್ 70 ಚದರ ಮಿ.ಮೀ. ಇದ್ದರೆ ನ್ಯೂಟ್ರಲ್ 35. ಅದಕ್ಕೆ ಬ್ರೇಕರೂ ಇರುವುದಿಲ್ಲ. ಟ್ರೂ ಆರ್‌ಎಂಎಸ್ (ಇಂಥ ಕರೆಂಟನ್ನೂ ಸರಿಯಾಗಿ ಅಳೆಯುವ) ಕ್ಲ್ಯಾಂಪ್ ಮೀಟರಿನಲ್ಲಿ ಪ್ರತಿ ಫೀಡರಿನ ನ್ಯೂಟ್ರಲ್ ಅಳೆದು ಬರೆಸಿಕೊಳ್ಳಿ, ಅಗ್ಗದ ಮೀಟರು ಇಲ್ಲಿ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಪ್ಯಾನೆಲ್ ರೂಮಿನಲ್ಲಿ ಅಳತೆ ಟೇಪು ಹಿಡಿದರೆ ಸಾಕು. ಮುಂದೆ ಕನಿಷ್ಠ 1 ಮೀಟರ್ ಖಾಲಿ, ಹಿಂದೆ 20 ಸೆಂ.ಮೀ.ಗಿಂತ ಕಡಿಮೆ ಇಲ್ಲವೇ 75 ಸೆಂ.ಮೀ.ಗಿಂತ ಹೆಚ್ಚು, ಮನುಷ್ಯ ಹೋಗಲೇಬಾರದು, ಹೋದರೆ ಸಲೀಸಾಗಿ ಹೊರಬರುವಂತಿರಬೇಕು. ದೀಪಾವಳಿ ಸ್ಟಾಕಿನ ರಟ್ಟಿನ ಪೆಟ್ಟಿಗೆ, ಪೊರಕೆ, ಫಿನಾಯಿಲ್ ಡಬ್ಬಿಗಳಿಗೆ ಬೇರೆ ಜಾಗ ಹುಡುಕಿ. ಕೇಬಲ್ ಶಾಫ್ಟ್ ಪ್ರತಿ ಮಹಡಿಯ ಮಟ್ಟದಲ್ಲಿ ಬೆಂಕಿ ತಡೆಯುವ ಸೀಲಿನಿಂದ ಮುಚ್ಚಿರಬೇಕು. ಹೊಸ ಇಂಟರ್ನೆಟ್ ಕೇಬಲ್ ಎಳೆಯಲು ಅದನ್ನು ಒಡೆದವರು ಮತ್ತೆ ಮುಚ್ಚಿರುವುದಿಲ್ಲ.

ಎರಡನೇ ಸುತ್ತಿಗೆ ಶಟ್‌ಡೌನ್ ಬೇಕು. ಮೇನ್ ಇಳಿಸಿ, ಬೀಗ ಹಾಕಿ, ಡೀಜಿಯ (ಡೀಸೆಲ್ ಜನರೇಟರ್) ಆಟೋ ಸ್ಟಾರ್ಟ್ ಆಫ್ ಮಾಡಿ, ಯುಪಿಎಸ್ ಮತ್ತು ಸೋಲಾರ್ ಬೇರ್ಪಡಿಸಿ, ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕುವುದು. ಇಷ್ಟೆಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರ, ಪರ್ಮಿಟ್ ಇರುವ ಸೂಪರ್‌ವೈಸರ್ ಮತ್ತು ವೈರ್‌ಮನ್‌ಗಳ ಕೆಲಸ, ಬಿಲ್ಡಿಂಗ್ ಮೇಂಟೆನೆನ್ಸ್ ಹುಡುಗನದ್ದಲ್ಲ. ಮೆಗ್ಗರ್ (ವೈರಿನ ಇನ್ಸುಲೇಷನ್ ರೋಧ ಅಳೆಯುವ ಉಪಕರಣ) ಹಾಕುವ ಮೊದಲು ಸರ್ಜ್ ಅರೆಸ್ಟರ್, ಎಲ್‌ಇಡಿ ಡ್ರೈವರ್‌ಗಳನ್ನು ಬಿಚ್ಚಿರಬೇಕು, ಇಲ್ಲದಿದ್ದರೆ ಅವು ಸುಡುತ್ತವೆ ಅಥವಾ ರೀಡಿಂಗ್ ಕೆಡಿಸುತ್ತವೆ. 500 ವೋಲ್ಟ್ ಡಿಸಿ ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕಿಂತ ಮುಖ್ಯ ಹಿಂದಿನ ವರ್ಷದ ಅಂಕಿ. ಕಳೆದ ಸಲ 180 ಇದ್ದದ್ದು ಈಗ 6 ಆಗಿದ್ದರೆ ‘ಪಾಸ್’ ಎಂದು ಬರೆದು ಮುಂದೆ ಹೋಗುವಂತಿಲ್ಲ.

ಕೆಲಸ ಮುಗಿಸಿ ಲೈನ್ ಕೊಡುವಾಗ ಅವಸರ ಬೇಡ. ಬಿಚ್ಚಿದ ನ್ಯೂಟ್ರಲ್ ಲಿಂಕ್ ಹಾಕುವುದು ಮರೆತು ಮೇನ್ ಎತ್ತಿದರೆ 230ರ ಸಾಮಾನುಗಳಿಗೆ 300, 350 ವೋಲ್ಟ್ ಹೋಗಿ ಇಡೀ ಕಟ್ಟಡದ ಟಿವಿ, ಫ್ರಿಜ್, ಬಿಲ್ಲಿಂಗ್ ಮಷೀನು ಒಂದೇ ಏಟಿಗೆ ಸುಡುತ್ತವೆ. ಎಲ್ಲ ಔಟ್‌ಗೋಯಿಂಗ್ (ಮಹಡಿಗಳಿಗೆ ಹೋಗುವ) ಬ್ರೇಕರ್ ಇಳಿಸಿಯೇ ಇಟ್ಟು ಮೇನ್ ಎತ್ತಿ, ಒಂದೊಂದು ಫೇಸಿಗೂ ನ್ಯೂಟ್ರಲ್ ಬಾರ್‌ಗೂ ನಡುವೆ 100 ವ್ಯಾಟಿನ ಹಳೇ ಬಲ್ಬು ಹಿಡಿದು ನೋಡಿ. ಉರಿದರೆ ಒಂದು ಮಹಡಿ ಆನ್ ಮಾಡಿ, ಮೂರೂ ಫೇಸಿನ ವೋಲ್ಟೇಜ್ ಅಳೆದು ನಂತರ ಮುಂದಿನ ಮಹಡಿ. ಲೋಡು ಏರಿದಂತೆ ಒಂದು ಫೇಸ್ 200ಕ್ಕೆ ಜಾರಿ ಇನ್ನೊಂದು 260 ಕಡೆ ಹೊರಟರೆ ತಡಮಾಡದೆ ಮೇನ್ ಇಳಿಸಿ, ನ್ಯೂಟ್ರಲ್‌ನ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.