ಶಿಸ್ತಿನ ಜಪಾನ್, ಧೈರ್ಯದ ಅಮೆರಿಕ, ನಡುವೆ ನಮ್ಮ ಮಕ್ಕಳು

ಜಪಾನಿನ ಮಕ್ಕಳು ಶಾಲೆಯ ನೆಲ ಒರೆಸುವ ವಿಡಿಯೊ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಅದರ ಕೆಳಗೆ ಒಂದು ಸಾಲು: 'ನಾಲ್ಕನೇ ತರಗತಿವರೆಗೆ ಅಲ್ಲಿ ಪರೀಕ್ಷೆಯೇ ಇಲ್ಲ, ಬರೀ ಸಂಸ್ಕಾರ ಕಲಿಸುತ್ತಾರೆ.' ಪರೀಕ್ಷೆ ಇಲ್ಲ ಅನ್ನುವುದು ಸುಳ್ಳು. ಒಂದನೇ ತರಗತಿಯಿಂದಲೇ ಕಾಂಜಿ ಅಕ್ಷರಗಳಿಗೆ, ಲೆಕ್ಕಕ್ಕೆ ಸಣ್ಣಪುಟ್ಟ ಟೆಸ್ಟ್ ಇರುತ್ತವೆ. ನೆಲ ಒರೆಸುವುದು ಮಾತ್ರ ನಿಜ. ಮಧ್ಯಾಹ್ನದ ಊಟ ಬಡಿಸುವ ಸರದಿಯೂ ಮಕ್ಕಳದೇ. (ನಮ್ಮಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದರೆ ಸುದ್ದಿಯಾಗುತ್ತದೆ, ಆಗಲೇಬೇಕು. ಅಲ್ಲಿ ಎಲ್ಲ ಮಕ್ಕಳಿಗೂ ಸರದಿ ಬರುತ್ತದೆ. ಇಲ್ಲಿ ಪೊರಕೆ ಯಾವ ಮಗುವಿನ ಕೈಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು.)

ಇನ್ನೊಂದು ಕಡೆ, ಅಮೆರಿಕದ ಪುಟ್ಟ ಮಗು ತರಗತಿಯ ಮುಂದೆ ನಿಂತು ತನ್ನ ಆಟಿಕೆ ಬಗ್ಗೆ ಪಟಪಟ ಮಾತಾಡುವ ವಿಡಿಯೊ. ಎರಡನ್ನೂ ನೋಡಿದ ಅಪ್ಪ ಅಮ್ಮ ನನ್ನ ಹತ್ತಿರ ಬಂದು ಕೇಳುತ್ತಾರೆ: 'ಡಾಕ್ಟ್ರೇ, ಅವರ ಶಿಸ್ತು, ಇವರ ಧೈರ್ಯ, ಎರಡೂ ನಮ್ಮ ಮಗುವಿಗೆ ಬರಬೇಕು. ಏನು ಮಾಡಬೇಕು?'

ನಾನು ಬೆಂಗಳೂರಿನಲ್ಲಿ ಮಕ್ಕಳ ಮನಶ್ಶಾಸ್ತ್ರ ನೋಡುವವಳು. ಕಂಪನಿ ಕಳಿಸಿದಲ್ಲಿಗೆಲ್ಲ ಹೋಗಿ ಬರುವ ಮನೆಗಳ ಮಕ್ಕಳು ನನ್ನಲ್ಲಿಗೆ ಜಾಸ್ತಿ ಬರುತ್ತಾರೆ. ಟೋಕಿಯೊದ ನಿಶಿ ಕಸಾಯ್‌ನಲ್ಲಿ, ಅಂದರೆ ಭಾರತದವರು ತುಂಬಿರುವ ಆ ಬಡಾವಣೆಯಲ್ಲಿ, ಒಂದಷ್ಟು ವರ್ಷ. ಆಮೇಲೆ ನ್ಯೂಜೆರ್ಸಿಯಲ್ಲೋ ಸಿಯಾಟಲ್‌ನಲ್ಲೋ ಇನ್ನಷ್ಟು. ಇಂಥ ಮಕ್ಕಳ ಫೈಲಿನಲ್ಲಿ ಎರಡು ದೇಶದ ರಿಪೋರ್ಟ್ ಇರುತ್ತವೆ, ಒಂದಕ್ಕೊಂದು ಜಗಳ ಆಡುತ್ತವೆ. ಜಪಾನಿನ ಶಾಲೆ 'ಗುಂಪಿನ ಕಡೆ ಗಮನ ಕಡಿಮೆ, ನಡುವೆ ಬಾಯಿ ಹಾಕುತ್ತಾನೆ' ಅಂತ ಬರೆದಿರುತ್ತದೆ. ಅಮೆರಿಕದ ಶಾಲೆ ಅದೇ ಹುಡುಗನ ಬಗ್ಗೆ 'ತುಂಬಾ ಸುಮ್ಮನಿರುತ್ತಾನೆ, ತನಗೇನು ಅನಿಸುತ್ತದೆ ಅಂತ ಹೇಳುವುದಿಲ್ಲ' ಅನ್ನುತ್ತದೆ. ಅಮ್ಮ ಎರಡನ್ನೂ ಓದಿ ಮಗನಿಗೆ ಎರಡು ತೊಂದರೆ ಇದೆ ಅಂದುಕೊಳ್ಳುತ್ತಾಳೆ.

ತೊಂದರೆ ಇರುವುದು ಬಹಳ ಸಲ ವಯಸ್ಸಿನ ಪಟ್ಟಿಯಲ್ಲಿ. ಯಾವ ವಯಸ್ಸಿಗೆ ಮಗುವಿಗೆ ಏನು ಬರಬೇಕು ಅನ್ನುವ ಪಟ್ಟಿ ಪ್ರತಿ ಸಮಾಜದ ತಲೆಯಲ್ಲೂ ಇರುತ್ತದೆ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ರಾಬರ್ಟ್ ಹೆಸ್, ಕೆಯ್ಕೊ ಕಾಶಿವಾಗಿ, ಹಿರೋಶಿ ಅಜುಮಾ ಮತ್ತು ಸಂಗಡಿಗರು ಇದನ್ನೇ ಕೇಳಿ ನೋಡಿ 1980ರಲ್ಲಿ ಪ್ರಕಟಿಸಿದರು. ಸಿಟ್ಟು, ಅಳು ಹಿಡಿತದಲ್ಲಿರುವುದು, ದೊಡ್ಡವರ ಮಾತು ಕೇಳುವುದು, ವಿನಯದಿಂದ ನಡೆದುಕೊಳ್ಳುವುದು ಚಿಕ್ಕ ವಯಸ್ಸಿಗೇ ಬರಬೇಕು ಅಂತ ಜಪಾನಿನ ತಾಯಂದಿರು ಹೇಳಿದರು. ಅಮೆರಿಕದ ತಾಯಂದಿರು ಬೇಗ ಬರಲಿ ಅಂದದ್ದು ಬೇರೆ: ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು, ತನ್ನ ಪರವಾಗಿ ತಾನೇ ಮಾತಾಡುವುದು, ಓರಗೆಯವರ ಜೊತೆ ಬೆರೆಯುವುದು. ನನ್ನ ಮೇಜಿನ ಮೇಲಿನ ಎರಡು ರಿಪೋರ್ಟ್‌ಗಳನ್ನು ಬರೆದದ್ದು ಈ ಎರಡು ಪಟ್ಟಿಗಳೇ.

ಪಟ್ಟಿ ತೊಟ್ಟಿಲಿನಿಂದಲೇ ಶುರುವಾಗುತ್ತದೆ. ಮೂರ್ನಾಲ್ಕು ತಿಂಗಳ ಕೂಸುಗಳನ್ನು ಮನೆಯಲ್ಲೇ ಕೂತು ನೋಡಿದ ವಿಲಿಯಂ ಕಾಡಿಲ್, ಹೆಲೆನ್ ವೈನ್‌ಸ್ಟೀನ್ 1969ರಲ್ಲಿ ಬರೆದದ್ದು ಇದು. ಅಮೆರಿಕದ ತಾಯಿ ಕೂಸಿನ ಜೊತೆ ಮಾತಾಡಿ ಅದನ್ನು ಉಲಿಯುವಂತೆ ಮಾಡುತ್ತಾಳೆ. ಜಪಾನಿನ ತಾಯಿ ಎತ್ತಿಕೊಂಡು, ತೂಗಿ, ಸಮಾಧಾನ ಮಾಡುತ್ತಾಳೆ. ಕೂಸುಗಳೂ ಹಾಗೇ ಆಗಿದ್ದವು, ಒಂದು ಕಡೆ ಹೆಚ್ಚು ಸದ್ದು, ಇನ್ನೊಂದು ಕಡೆ ಕಡಿಮೆ.

ಒಂದು ದೇಶದ ಅಳತೆಗೋಲು ಇನ್ನೊಂದು ದೇಶದಲ್ಲಿ ಹೇಗೆ ಎಡವುತ್ತದೆ ಅಂತ ತೋರಿಸಲು ಒಂದು ಪ್ರಯೋಗವನ್ನು ನಾನು ಅಪ್ಪ ಅಮ್ಮಂದಿರಿಗೆ ವಿವರವಾಗಿ ಹೇಳುತ್ತೇನೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೇರಿ ಏನ್ಸ್‌ವರ್ತ್ ಮಾಡಿದ ಪ್ರಯೋಗ. ವರ್ಷದ ಮಗುವನ್ನು ಹೊಸ ಕೋಣೆಗೆ ಕರೆತರುತ್ತಾರೆ. ತಾಯಿ ಹೊರಗೆ ಹೋಗುತ್ತಾಳೆ, ಗುರುತಿಲ್ಲದವರೊಬ್ಬರು ಇರುತ್ತಾರೆ. ಇನ್ನೊಂದು ಹಂತದಲ್ಲಿ ಮಗುವನ್ನು ಒಂದೇ ಬಿಡುತ್ತಾರೆ, ಹೆಚ್ಚೆಂದರೆ ಮೂರು ನಿಮಿಷ. ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಹೆಚ್ಚಿನ ಮಕ್ಕಳು ಬಂದು ತಬ್ಬಿ ಸಮಾಧಾನವಾಗುತ್ತವೆ. ಬಾಲ್ಟಿಮೋರ್‌ನಲ್ಲಿ ಸುಮಾರು ಐದರಲ್ಲಿ ಒಂದು ಮಗು ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಕೆಲವು ತಬ್ಬಿಕೊಂಡರೂ ಅಳು ನಿಲ್ಲಿಸಲಿಲ್ಲ. ಈ ಕೊನೆಯ ಎರಡು ಗುಂಪಿಗೂ ತಾಯಿಯ ಮೇಲೆ ಭರವಸೆ ಕಡಿಮೆ ಅಂತ ಲೆಕ್ಕ.

1980ರ ದಶಕದಲ್ಲಿ ಕೆಯ್ಕೊ ತಾಕಾಹಾಶಿ ಇದನ್ನೇ ಜಪಾನಿನ ಸಪ್ಪೊರೊದಲ್ಲಿ 60 ಮಕ್ಕಳ ಜೊತೆ ಮಾಡಿದರು. ಮುಖ ತಿರುಗಿಸಿದ ಮಗು ಒಂದೂ ಇರಲಿಲ್ಲ. ಸುಮಾರು ಮೂರನೇ ಒಂದು ಭಾಗ ಅಳು ನಿಲ್ಲಿಸದ ಗುಂಪಿಗೆ ಬಿದ್ದವು. ಹಾಗಾದರೆ ಜಪಾನಿನ ಮೂರರಲ್ಲೊಂದು ಮಗುವಿಗೆ ಅಮ್ಮನ ಮೇಲೆ ಭರವಸೆ ಇಲ್ಲವೇ? ಆಗಿನ ಆ ಮನೆಗಳನ್ನು ನೋಡಿ. ಮಗು ತಾಯಿಯ ಪಕ್ಕದಲ್ಲೇ ಮಲಗುತ್ತದೆ, ಅಪ್ಪನೋ ಅಮ್ಮನೋ ಸ್ನಾನದ ತೊಟ್ಟಿಗೂ ಜೊತೆಗೇ ಇಳಿಯುತ್ತಾರೆ. ಒಂಟಿಯಾಗಿ ಇರುವುದೇ ಅಪರೂಪ. ಬಾಲ್ಟಿಮೋರ್ ಮಗುವಿಗೆ ಸಣ್ಣ ಗಲಿಬಿಲಿಯಾಗಿದ್ದ ಆ ನಿಮಿಷಗಳು ಸಪ್ಪೊರೊ ಮಗುವಿಗೆ ದೊಡ್ಡ ಗಾಬರಿ. ಒಂದೇ ಬಿಟ್ಟಾಗ ಅಲ್ಲಿನ ಬಹುತೇಕ ಮಕ್ಕಳು ಅತ್ತದ್ದಕ್ಕೆ ಆ ಹಂತವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅಜ್ಜಿ ಮಗ್ಗುಲಲ್ಲಿ ಮಲಗಿ ಬೆಳೆದ ನಮ್ಮ ಹಾಸನದ, ಹುಬ್ಬಳ್ಳಿಯ ಮಕ್ಕಳಿಗೆ ಇದನ್ನೇ ಮಾಡಿದರೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ, ಅಲ್ವಾ?

'ಜಪಾನಿನ ಮಕ್ಕಳಿಗೆ ತಾಳ್ಮೆ ಹುಟ್ಟಿನಿಂದಲೇ ಬಂದಿದೆ' ಅನ್ನುವವರಿಗೆ ನಾನು ಹೇಳುವುದು ಮಾರ್ಷ್‌ಮ್ಯಾಲೊ ಪ್ರಯೋಗದ ಕಥೆ. ಒಂದು ಸಿಹಿ ಮುಂದಿಟ್ಟು, ಕಾದರೆ ಎರಡು ಕೊಡುತ್ತೇವೆ ಅನ್ನುವ ಆಟ ಅದು. ಸ್ಟ್ಯಾನ್‌ಫೋರ್ಡ್‌ನಲ್ಲಿ ವಾಲ್ಟರ್ ಮಿಷೆಲ್ ಶುರು ಮಾಡಿದ್ದು. ಕೈಚಿ ಯಾನಾವೊಕಾ, ಯುಕೊ ಮುನಕಾಟಾ ಮುಂತಾದವರು ಎರಡೂ ದೇಶದ ನಾಲ್ಕೈದು ವರ್ಷದ ಮಕ್ಕಳಿಗೆ ಇದನ್ನು ಎರಡು ಥರ ಆಡಿಸಿದರು. ಫಲಿತಾಂಶ 2022ರಲ್ಲಿ ಬಂತು. ಕೆಲವರ ಮುಂದೆ ತಿಂಡಿ ಇಟ್ಟಿದ್ದರು, ಕೆಲವರ ಮುಂದೆ ಕಾಗದ ಸುತ್ತಿದ ಉಡುಗೊರೆ. ತಿಂಡಿಗೆ ಜಪಾನಿನ ಮಕ್ಕಳು ತುಂಬಾ ಹೊತ್ತು ಕಾದರು, ಅಮೆರಿಕದವರು ಬೇಗ ಕೈ ಹಾಕಿದರು. ಉಡುಗೊರೆ ಬಂದಾಗ ಆಟ ತಿರುಗಿತು. ಅಮೆರಿಕದ ಮಕ್ಕಳು ಕಾದರು, ಜಪಾನಿನ ಮಕ್ಕಳು ಕಾಗದ ಹರಿದರು! ಎಲ್ಲರಿಗೂ ಬಡಿಸುವವರೆಗೆ ಕಾಯುವುದು ಜಪಾನಿನಲ್ಲಿ ದಿನದಿನದ ರೂಢಿ. ಅಮೆರಿಕದಲ್ಲಿ ಹುಟ್ಟುಹಬ್ಬದ, ಕ್ರಿಸ್ಮಸ್‌ನ ಉಡುಗೊರೆ ಮುಂದೆಯೇ ಇದ್ದರೂ ಆ ಗಳಿಗೆವರೆಗೆ ಬಿಚ್ಚುವ ಹಾಗಿಲ್ಲ. ಯಾವುದನ್ನು ಕಾದು ರೂಢಿಯೋ ಅದಕ್ಕೆ ತಾಳ್ಮೆ ಇದೆ.

ಜಪಾನಿನ ಶಿಸ್ತು ಅಂದರೆ ಟೀಚರ್ ಹದ್ದಿನ ಕಣ್ಣು ಅಂದುಕೊಂಡರೆ ಅದೂ ತಪ್ಪು. ಜೋಸೆಫ್ ಟೋಬಿನ್ ತಂಡ 1980ರ ದಶಕದಲ್ಲಿ ಕ್ಯೋಟೊದ ಒಂದು ಶಿಶುವಿಹಾರದಲ್ಲಿ ವಿಡಿಯೊ ಮಾಡಿತು. ನಾಲ್ಕು ವರ್ಷದ ಒಬ್ಬ ತುಂಟ ಉಳಿದವರಿಗೆ ಹೊಡೆಯುತ್ತಾನೆ. ಟೀಚರ್ ನೋಡಿಯೂ ಹೆಚ್ಚು ತಲೆ ಹಾಕುವುದಿಲ್ಲ. ಅಮೆರಿಕದವರಿಗೆ ಇದು ಬೇಜವಾಬ್ದಾರಿ ಅನಿಸಿತು. ಅಲ್ಲಿಯವರ ಉತ್ತರ: ಜಗಳ ಬಗೆಹರಿಸುವುದನ್ನು ಮಕ್ಕಳು ಮಕ್ಕಳಿಂದಲೇ ಕಲಿಯಬೇಕು. ಒಬ್ಬ ಟೀಚರ್‌ಗೆ ಮೂವತ್ತರ ಹತ್ತಿರ ಮಕ್ಕಳು ಇದ್ದದ್ದೂ ಅವರ ಕಣ್ಣಿಗೆ ಕೊರತೆ ಅಲ್ಲ. ಬೆಂಗಳೂರಿನ ಅಪ್ಪ ಅಮ್ಮ ಆ ಶಾಲೆಯಲ್ಲಿ ಒಂದು ವಾರ ಇದ್ದಿದ್ದರೆ ದೂರು ಬರೆಯುತ್ತಿದ್ದರು ಅಂತ ನನ್ನ ಅನಿಸಿಕೆ.

ಈ ವ್ಯತ್ಯಾಸಗಳು ಯಾವಾಗ ಗಟ್ಟಿಯಾಗುತ್ತವೆ? ಇಲ್ಲಿ ವಯಸ್ಸು ನಿಜಕ್ಕೂ ಮುಖ್ಯ. ಎರಡೂ ದೇಶದ ಮಕ್ಕಳಿಗೆ ಮಾಡಿದ ಒಂದು ಪ್ರಯೋಗ ಇದೆ. ಒಂದು ಚೌಕದೊಳಗೆ ಗೆರೆ ತೋರಿಸಿ, ಬೇರೆ ಅಳತೆಯ ಚೌಕದಲ್ಲಿ ಬರೆಯಲು ಹೇಳುತ್ತಾರೆ. ಒಮ್ಮೆ ಅಷ್ಟೇ ಉದ್ದ, ಒಮ್ಮೆ ಚೌಕಕ್ಕೆ ತಕ್ಕ ಉದ್ದ. ಆರು ವರ್ಷದೊಳಗಿನ ಮಕ್ಕಳು ಎರಡೂ ಕಡೆ ಒಂದೇ ಥರ ತಪ್ಪು ಮಾಡಿದರು, ಸುತ್ತಲಿನ ಚೌಕವನ್ನು ಮರೆಯುವುದೇ ಅವರಿಗೆ ಕಷ್ಟವಾಗಿತ್ತು. ಆರು ದಾಟಿದ ಮೇಲೆ ದಾರಿ ಬೇರೆಯಾಯಿತು. ಹಾಗಾಗಿ ಮೂರು ವರ್ಷದ ಮಗು ಟೋಕಿಯೊದಿಂದ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಟು ವರ್ಷದ ಮಗು ಬಂದರೆ ಶಾಲೆಯವರಿಗೆ ಕಾಗದ ಬರೆಯುತ್ತೇನೆ.

ಗಂಡು ಹೆಣ್ಣಿನ ವಿಷಯಕ್ಕೆ ಬಂದರೆ ಎರಡು ದೇಶಗಳೂ ದಿಢೀರನೆ ಒಂದಾಗಿಬಿಡುತ್ತವೆ. ಮ್ಯಾಕ್ಸ್ ಲಮ್ಮಿಸ್, ಹೆರಾಲ್ಡ್ ಸ್ಟೀವನ್‌ಸನ್ ಜಪಾನ್, ತೈವಾನ್, ಅಮೆರಿಕದ ಮಕ್ಕಳನ್ನೂ ತಾಯಂದಿರನ್ನೂ ಕೇಳಿ 1990ರಲ್ಲಿ ಪ್ರಕಟಿಸಿದರು. ಲೆಕ್ಕದಲ್ಲಿ ಹುಡುಗರು ಮುಂದೆ, ಓದಿನಲ್ಲಿ ಹುಡುಗಿಯರು ಮುಂದೆ ಅನ್ನುವ ನಂಬಿಕೆ ಮೂರೂ ಕಡೆ ಇತ್ತು. ಅಂಕಗಳಲ್ಲಿ ಅಷ್ಟು ಅಂತರ ಇರಲಿಲ್ಲ. ನನ್ನ ಕ್ಲಿನಿಕ್ಕಿನಲ್ಲೂ ಹೀಗೇ. ಸುಮ್ಮನಿರುವ ಹುಡುಗನನ್ನು ಕರೆತರುತ್ತಾರೆ, ಸುಮ್ಮನಿರುವ ಹುಡುಗಿಯನ್ನು ಹೊಗಳುತ್ತಾರೆ. ಇನ್ನೊಂದು ಮಾತು: ನಾನು ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಕೇಳಿದ್ದು, ನೋಡಿದ್ದು ತಾಯಂದಿರನ್ನೇ. ಉದ್ಯೋಗದಲ್ಲಿ ಸಮಾನ ಅವಕಾಶದ ಕಾನೂನು ಜಪಾನಿನಲ್ಲಿ ಬಂದದ್ದು 1985ರಲ್ಲಿ. ಅದಕ್ಕೂ ಮುಂಚಿನ 'ಜಪಾನಿನ ತಾಯಿ'ಯನ್ನು ಇವತ್ತಿನ ಟೋಕಿಯೊದಲ್ಲಿ ಹುಡುಕಬೇಡಿ.

ದೊಡ್ಡ ಮಕ್ಕಳಿಗೆ ಕೊಡುವ ಪ್ರಶ್ನಾವಳಿಗಳಲ್ಲೂ ಎಚ್ಚರ ಬೇಕು. ಹೇಳಿಕೆಯ ಮುಂದೆ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಗುರುತು ಹಾಕಬೇಕು. ಜಪಾನಿನ ವಿದ್ಯಾರ್ಥಿಗಳು ನಡುವಿನ ಮನೆಗೆ ಜಾಸ್ತಿ ಟಿಕ್ ಹಾಕುತ್ತಾರೆ, ಅಮೆರಿಕದವರು ಎರಡು ತುದಿಗೆ. 1995ರಲ್ಲೇ ಇದು ಗೊತ್ತಾಗಿತ್ತು. ಆದ್ದರಿಂದ 'ನನ್ನ ಬಗ್ಗೆ ನನಗೆ ಹೆಮ್ಮೆ' ಅನ್ನುವ ಸಾಲಿಗೆ ಬಂದ ಕಡಿಮೆ ಅಂಕದಲ್ಲಿ ಎಷ್ಟು ಕೀಳರಿಮೆ, ಎಷ್ಟು ಟಿಕ್ ಹಾಕುವ ರೂಢಿ ಅಂತ ಬಿಡಿಸಿ ನೋಡಬೇಕು. ಜಪಾನಿನ ಯೊತಾರೊ ತಕಾನೊ, ಎಯ್ಕೊ ಓಸಾಕಾ 1999ರಲ್ಲಿ ಇನ್ನೂ ಮುಂದೆ ಹೋದರು. ಜಪಾನಿನವರು ಗುಂಪಿನವರು, ಅಮೆರಿಕದವರು ಒಂಟಿಗರು ಅನ್ನುವ ಮಾತಿಗೇ ಅಧ್ಯಯನಗಳಲ್ಲಿ ಆಧಾರ ಸಾಲದು ಅಂದರು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಎರಡು ವಿಡಿಯೊ ನೋಡಿ ಎರಡು ದೇಶದ ಮನಸ್ಸು ಹೇಳುವವರನ್ನು ನಂಬುವುದೂ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಪ್ರತಿ ಮನೆಯವರಿಗೂ ಹೇಳುತ್ತೇನೆ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಮಾತು ಸೇರಿಸಿ ಆಡದಿದ್ದರೆ 'ಊರು ಬದಲಾಯಿತಲ್ಲ, ಭಾಷೆ ಬದಲಾಯಿತಲ್ಲ' ಅಂತ ಕಾಯಬೇಡಿ. ಇವು ಟೋಕಿಯೊದಲ್ಲೂ ಸಿಯಾಟಲ್‌ನಲ್ಲೂ ತುಮಕೂರಿನಲ್ಲೂ ಡಾಕ್ಟರಿಗೆ ತೋರಿಸಬೇಕಾದ ವಿಷಯಗಳೇ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ನಮ್ಮ ಹತ್ತಿರ ಬನ್ನಿ.