ಯಾವ ಹೋಟೆಲ್‌ಗಾದರೂ ನುಗ್ಗಿ ಟಾಯ್ಲೆಟ್ ಬಳಸಬಹುದಂತೆ, ಹೌದಾ?

ಓದುಗರ ಪ್ರಶ್ನೆ: ಸರ್, ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ದಾರಿಯ ಒಂದು ಹೋಟೆಲ್‌ನಲ್ಲಿ ಟಾಯ್ಲೆಟ್ ಕೇಳಿದ್ದಕ್ಕೆ ‘ತಿಂಡಿ ತಿನ್ನೋರಿಗೆ ಮಾತ್ರ’ ಅಂದರು. 1867ರ ಕಾನೂನಿನ ಪ್ರಕಾರ ಫೈವ್ ಸ್ಟಾರ್ ಹೋಟೆಲ್‌ನವರೂ ಪುಕ್ಕಟೆಯಾಗಿ ಬಿಡಲೇಬೇಕು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವಾ?

ಮತ್ತೆ ಬಂತು! ದಸರಾ ರಜೆ ಹತ್ತಿರ ಬಂದರೆ ಈ ವಾಟ್ಸ್‌ಆ್ಯಪ್ ಮೆಸೇಜಿಗೂ ಜೀವ ಬರುತ್ತದೆ. ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಇಲ್ಲ ಸ್ವಾಮಿ, ಅಂಥ ಹಕ್ಕು ಆ ಕಾನೂನಿನಲ್ಲಿ ಇಲ್ಲ.

ಕಾನೂನು ಇರುವುದೇನೋ ನಿಜ. ಅದರ ಹೆಸರು ಸರಾಯ್ ಕಾಯ್ದೆ. ಸರಾಯ್ ಅಂದರೆ ದಾರಿಹೋಕರು ತಂಗುವ ಕಟ್ಟಡ, ನಮ್ಮ ಛತ್ರ ಇದ್ದ ಹಾಗೆ. ಅದನ್ನು ನಡೆಸುವವನು ಏನೇನು ಮಾಡಬೇಕು ಅನ್ನುವುದು 7ನೇ ಸೆಕ್ಷನ್‌ನಲ್ಲಿದೆ. ಕೋಣೆ, ಜಗಲಿ, ಚರಂಡಿ ಚೊಕ್ಕಟವಾಗಿರಬೇಕು. ಜನ, ದನ ನೀರು ಕುಡಿಯುವ ಬಾವಿ ಶುಚಿಯಾಗಿರಬೇಕು. ಅಂಟುರೋಗ ಬಂದವರಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಕಳ್ಳರು ಹತ್ತಿ ಒಳಗೆ ಇಳಿಯುವಂಥ ಮರದ ಕೊಂಬೆಗಳನ್ನು ಕಡಿಸಬೇಕು. ದರಪಟ್ಟಿ ತೂಗುಹಾಕಬೇಕು. ಗಮನಿಸಿದಿರಾ? ಎಲ್ಲ ಪುಕ್ಕಟೆಯಾದರೆ ದರಪಟ್ಟಿ ಯಾಕೆ? ಟಾಯ್ಲೆಟ್‌ನ ಸುದ್ದಿಯಂತೂ ಅಲ್ಲಿ ಇಲ್ಲವೇ ಇಲ್ಲ. ತಪ್ಪಿದವರಿಗೆ ದಂಡ 20 ರೂಪಾಯಿ ತನಕ, ಮೇಲೆ ದಿನಕ್ಕೆ 1 ರೂಪಾಯಿ. ಆ 20 ರೂಪಾಯಿಗೆ ಇವತ್ತು ಮದ್ದೂರಿನಲ್ಲಿ ಒಂದು ವಡೆ ಸಿಕ್ಕರೆ ಪುಣ್ಯ.

ಇನ್ನೊಂದು ಮಾತು. 2017ರಲ್ಲಿ ದಕ್ಷಿಣ ದೆಹಲಿ ಪಾಲಿಕೆಯವರು ಹೋಟೆಲ್‌ಗಳ ಟಾಯ್ಲೆಟ್ ಎಲ್ಲರಿಗೂ ತೆರೆಯಬೇಕು, ಬೇಕಿದ್ದರೆ 5 ರೂಪಾಯಿ ತನಕ ತಗೊಳ್ಳಿ ಅಂದರು. ಹಕ್ಕು ಮೊದಲೇ ಇದ್ದಿದ್ದರೆ ಈ ಉಸಾಬರಿ ಅವರಿಗೆ ಯಾಕೆ ಬೇಕಿತ್ತು?

ಹಾಗಾದರೆ ಎಲ್ಲಿ ಕೇಳಬಹುದು? ಪೆಟ್ರೋಲ್ ಬಂಕಿನಲ್ಲಿ ಧೈರ್ಯವಾಗಿ ಕೇಳಿ. ಶುಚಿಯಾದ ಟಾಯ್ಲೆಟ್, ಕುಡಿಯುವ ನೀರು, ಟೈರಿಗೆ ಪುಕ್ಕಟೆ ಗಾಳಿ ಇಡಬೇಕೆಂದು ಆಯಿಲ್ ಕಂಪನಿಗಳೇ ಡೀಲರ್‌ಗಳಿಗೆ ಷರತ್ತು ಹಾಕಿವೆ. ಬೀಗ ಹಾಕಿದ್ದರೆ ದೂರಿನ ಪುಸ್ತಕ ಕೇಳಿ. ಕೀಲಿಕೈ ಅದಕ್ಕಿಂತ ಮೊದಲೇ ಬರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ನಮ್ಮ ಹೊಸ ಬೆಂಗಳೂರು-ಮೈಸೂರು ಹೈವೇ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವುದರ ಒಳಗೂ ಹೋಗದೆ ಊರಾಚೆಯಿಂದಲೇ ಸುತ್ತಿ ಹೋಗುತ್ತದೆ. ಹಳೇ ರಸ್ತೆಯ ಹಾಗೆ ಬೇಕೆಂದಲ್ಲಿ ನಿಲ್ಲಿಸಲು ಆಗದು. ಮಕ್ಕಳು, ಶುಗರ್ ಇರುವವರು ಜೊತೆಗಿದ್ದರೆ ಹೊರಡುವ ಮೊದಲೇ ಮುಗಿಸಿಕೊಳ್ಳಿ. ಹೈವೇ ದೂರುಗಳಿಗೆ 1033 ಇದೆ. ಬಸ್ ಸ್ಟ್ಯಾಂಡ್‌ನಲ್ಲಾದರೆ ಬಾಗಿಲಲ್ಲಿ ಕೂತವನ ಹತ್ತಿರ ಜಗಳ ಬೇಡ. ಅವನು ಗುತ್ತಿಗೆದಾರನ ಕಡೆಯವನು. ಗೋಡೆ ಮೇಲೆ ‘ಮೂತ್ರ ವಿಸರ್ಜನೆ ಉಚಿತ’ ಅಂತ ಬರೆದಿದ್ದೂ ಹೆಂಗಸರ ಹತ್ತಿರ ಕಾಸು ಕಿತ್ತರೆ, ಆ ಬೋರ್ಡಿನ ಫೋಟೋ ತೆಗೆದುಕೊಂಡು ನೇರ ನಿಲ್ದಾಣದ ಅಧಿಕಾರಿ ಹತ್ತಿರ ಹೋಗಿ.

ಇನ್ನು ನೀವು ಕೇಳದ ಒಂದು ಪ್ರಶ್ನೆ: ದಿನಾ ತೊಳೆದರೂ ಅಲ್ಲಿ ಯಾಕೆ ಅಷ್ಟು ನಾತ? ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯ ಮಾಡುತ್ತವೆ. ಜೊತೆಗೆ ಹಳದಿ ಹಕ್ಕಳೆ ಕಟ್ಟುತ್ತದೆ. ಬರೀ ನೀರು ಎರಚಿದರೆ ಅದು ಜಗ್ಗುವುದಿಲ್ಲ. ಆಸಿಡ್ ಹಾಕಿ ಉಜ್ಜಬೇಕು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು, ಸುಮ್ನೆ ಇರಲಾರೆ. ಈಚೆಗೆ ಒಂದು ಬಸ್ ಸ್ಟ್ಯಾಂಡ್‌ನಲ್ಲಿ ಬಕೆಟ್ಟಿನಲ್ಲಿದ್ದ ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಬಾಟಲಿ ಬಗ್ಗಿಸುತ್ತಿದ್ದ ಹೆಂಗಸಿನ ಕೈ ಹಿಡಿದು ನಿಲ್ಲಿಸಿದೆ. ‘ಅಮ್ಮಾ, ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಉಸಿರು ಕಟ್ಟುತ್ತೆ’ ಅಂದೆ.

‘ಅದ್ಕೇಯಾ ಸಾ, ದಿನಾ ಕಣ್ಣು ಉರಿಯೋದು? ಬೇಗ ಬೆಳ್ಳಗಾಯ್ತದೆ ಅಂತ ಗುತ್ತಿಗೆದಾರ್ರೇ ಯೋಳ್ಕೊಟ್ಟಿದ್ರು’ ಅಂದಳು.