ಯಾರಿಗೆ ಹಾಕಿದರೂ ಅಷ್ಟೇ ಅಲ್ವಾ?

ಪ್ರಶ್ನೆ: ನಮ್ಮ ಕಡೆ ಕೈ ಬಿಟ್ಟರೆ ಕಮಲ, ಕಮಲ ಬಿಟ್ಟರೆ ಕೈ. ಹಾಸನದಲ್ಲಿ ತೆನೆ ಹೊತ್ತ ಮಹಿಳೆ ಅಂತ ಒಂದಿತ್ತು, ಅದೂ ಕಮಲದ ಜೊತೆ ಸೇರಿಕೊಂಡಿತು. ಯಾರು ಗೆದ್ದರೂ ತೋಟಕ್ಕೆ ಆನೆ ಬರುವುದು ನಿಲ್ಲಲಿಲ್ಲ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ಫಾರಂ 53 ಹಾಕಿದ ಜಮೀನಿಗೆ ಸಾಗುವಳಿ ಚೀಟಿ ಸಿಗಲಿಲ್ಲ. ಸುಮ್ನೆ ಕ್ಯೂ ನಿಂತು ವೋಟ್ ಹಾಕಿ ಏನು ಬದಲಾಗುತ್ತೆ?

ಉತ್ತರ: ಸಕಲೇಶಪುರದಿಂದ ಕೊಪ್ಪದವರೆಗೆ ಈ ಪ್ರಶ್ನೆ ಕೇಳದ ಊರಿಲ್ಲ. ನನ್ನ ಉತ್ತರ ಇಷ್ಟು. ಕೂತವರನ್ನು ಇಳಿಸುವುದಕ್ಕೆ ವೋಟು ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸದಾಗಿ ಕೂತವರಿಂದ ಇಂಥದ್ದೇ ಕೆಲಸ ಮಾಡಿಸುವುದಕ್ಕೆ ಅಷ್ಟಾಗಿ ಬರುವುದಿಲ್ಲ. ನಾವು ಎರಡನೆಯದನ್ನೂ ಅದರಿಂದಲೇ ನಿರೀಕ್ಷೆ ಮಾಡುತ್ತೇವೆ.

ಇಳಿಸುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರೇ ಅಲ್ಲ. 1985 ಆದ ಮೇಲೆ 2023ರವರೆಗೆ ಕರ್ನಾಟಕ ಯಾವ ಆಳುವ ಪಕ್ಷವನ್ನೂ ಬೆನ್ನುಬೆನ್ನಿಗೆ ಎರಡನೇ ಸಲ ಗೆಲ್ಲಿಸಿಲ್ಲ. ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. 2018ರಲ್ಲಿ ಐದು ಸೀಟಿನಲ್ಲಿ ನಾಲ್ಕು ಬಿಜೆಪಿಗೆ. 2023ರ ಫಲಿತಾಂಶದಲ್ಲಿ ಐದಕ್ಕೆ ಐದೂ ಕಾಂಗ್ರೆಸ್‌ಗೆ. 2004ರಿಂದ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿ 5,926 ವೋಟಿನಿಂದ ಸೋತರು. ಮೂಡಿಗೆರೆಯಲ್ಲಿ ಅಂತರ 722. ಶೃಂಗೇರಿಯಲ್ಲಿ ಅಂದು ಘೋಷಣೆ ಆದದ್ದು 201, ಅದು ಕೋರ್ಟ್ ಮೆಟ್ಟಿಲೂ ಹತ್ತಿತು. ಒಂದು ಮದುವೆಮನೆಯ ಎರಡು ಪಂಕ್ತಿಯಲ್ಲಿ ಕೂರುವಷ್ಟು ಜನ ಅದು! ಹಾಸನದಲ್ಲಿ 1999ರಲ್ಲಿ ಜನ ಮಾಜಿ ಪ್ರಧಾನಿ ದೇವೇಗೌಡರನ್ನೇ ಸೋಲಿಸಿದ್ದರು.

ಆದರೆ ಇಳಿಸಿದ ಜಾಗಕ್ಕೆ ಬಂದವರು ಯಾರು? ನಿಮ್ಮ ಬೇಜಾರಿಗೆ ಅರ್ಥ ಇರುವುದು ಇಲ್ಲಿ. ರವಿಯವರನ್ನು ಸೋಲಿಸಿದ ಎಚ್.ಡಿ. ತಮ್ಮಯ್ಯ ಚುನಾವಣೆಗೆ ಕೆಲವೇ ತಿಂಗಳ ಮುಂಚಿನವರೆಗೆ ಬಿಜೆಪಿಯಲ್ಲೇ ಇದ್ದವರು. ಅರಕಲಗೂಡಿನ ಎ. ಮಂಜು ಮೂರೂ ಪಕ್ಷದ ಚಿಹ್ನೆಯಲ್ಲಿ ನಿಂತು ನೋಡಿದ್ದಾರೆ. 1999ರಲ್ಲಿ ದೇವೇಗೌಡರನ್ನು ಸೋಲಿಸಿದ್ದು ಜಿ. ಪುಟ್ಟಸ್ವಾಮಿಗೌಡ. 2024ರಲ್ಲಿ ಅದೇ ಹಾಸನದಲ್ಲಿ ದೇವೇಗೌಡರ ಮೊಮ್ಮಗನನ್ನು ಸೋಲಿಸಿದ್ದು ಪುಟ್ಟಸ್ವಾಮಿಗೌಡರ ಮೊಮ್ಮಗ. (ಆ ಸಲದ ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು, ಅದೆಲ್ಲ ಗೊತ್ತಿರುವುದೇ.) 2019ರಲ್ಲಂತೂ ಗೆದ್ದ ಶಾಸಕರು ರಾಜೀನಾಮೆ ಕೊಟ್ಟು ಸರ್ಕಾರವನ್ನೇ ಬೀಳಿಸಿದರು. ಮತ್ತೆ ನಿಂತಾಗ ಅವರಲ್ಲಿ ಹೆಚ್ಚಿನವರನ್ನು ಜನ ಗೆಲ್ಲಿಸಿಯೂ ಬಿಟ್ಟರು. ಇದನ್ನೂ ಹೇಳದೆ ಬರೀ ಪಕ್ಷಗಳನ್ನು ಬೈದರೆ ಸರಿಯಲ್ಲ.

ಎರಡೇ ಪಕ್ಷ ಯಾಕೆ ಉಳಿಯುತ್ತವೆ ಅನ್ನುವುದಕ್ಕೆ ದೊಡ್ಡ ರಹಸ್ಯ ಏನಿಲ್ಲ. ಕ್ಷೇತ್ರಕ್ಕೆ ಒಂದೇ ಸೀಟು, ಒಂದು ವೋಟು ಜಾಸ್ತಿ ಬಂದವರು ಗೆದ್ದ ಹಾಗೆ, ಉಳಿದವರ ವೋಟಿಗೆ ಲೆಕ್ಕವೇ ಇಲ್ಲ. ಮೂಡಿಗೆರೆಯಲ್ಲಿ ಟಿಕೆಟ್ ಸಿಗದ ಬಿಜೆಪಿ ಶಾಸಕರು ಜೆಡಿಎಸ್‌ನಿಂದ ನಿಂತು 20 ಸಾವಿರಕ್ಕೂ ಜಾಸ್ತಿ ವೋಟು ತೆಗೆದರು. ಬಿಜೆಪಿ ಸೋತದ್ದು 722ರಿಂದ. ಇದನ್ನು ನೋಡಿದವರು ಮುಂದಿನ ಸಲ 'ಮೂರನೆಯವರಿಗೆ ಹಾಕಿ ಯಾಕೆ ವೇಸ್ಟ್ ಮಾಡೋಣ' ಅನ್ನುತ್ತಾರೆ. ಮೂರನೆಯವರು ಸೊರಗುತ್ತಾರೆ. ನೋಟಾ ಒತ್ತಿದರೂ ಇದು ತಪ್ಪುವುದಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಿಂದ 2013ರಲ್ಲಿ ಬಂದ ಗುಂಡಿ ಅದು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೇ ಎಲ್ಲರಿಗಿಂತ ಜಾಸ್ತಿ ವೋಟು ಬಂದರೂ ನಂತರದ ಸ್ಥಾನದಲ್ಲಿರುವ ಅಭ್ಯರ್ಥಿ ಗೆದ್ದ ಹಾಗೆಯೇ.

ಹಾಗಾದರೆ ವೋಟಿನಿಂದ ಏನೂ ಬದಲಾಗಲ್ವಾ? ಬದಲಾಗುತ್ತದೆ. ಒಂದು ಆದೇಶ, ಒಂದಿಷ್ಟು ದುಡ್ಡಿನಲ್ಲಿ ಮುಗಿಯುವಂಥದ್ದು ಬೇಗ ಬದಲಾಗುತ್ತದೆ. 2023ರ ಮೇ ತಿಂಗಳಲ್ಲಿ ವೋಟ್ ಹಾಕಿದೆವು. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಬೇಲೂರಿನಿಂದ ಹಾಸನದ ದೊಡ್ಡಾಸ್ಪತ್ರೆಗೆ ಬರುವ ಹೆಂಗಸಿನ ಕೈಯಲ್ಲಿ ಬಸ್ ಚಾರ್ಜು ಉಳಿಯಿತು. ಬೇರೆ ಸರ್ಕಾರ ಬಂದಿದ್ದರೆ ಆ ಟಿಕೆಟ್ ಇರುತ್ತಿರಲಿಲ್ಲ. ಆದರೆ ಕೊಪ್ಪ, ಶೃಂಗೇರಿ ಕಡೆ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ, ಅದರಲ್ಲಿ ಫ್ರೀ ಇಲ್ಲ. ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಗಿತ್ತು. ಟಿಕೆಟ್ ಫ್ರೀ ಮಾಡುವುದು ಸುಲಭ. ಘಾಟಿಯ ಹಳ್ಳಿಗೆ ಬಸ್ಸನ್ನೇ ಬಿಡುವುದು ಕಷ್ಟ.

ಎಲ್ಲ ಪಕ್ಷಗಳೂ ಒಪ್ಪಿಕೊಂಡ ವಿಷಯಕ್ಕೆ ಬಂದರೆ ವೋಟು ಕೈಕೊಡುತ್ತದೆ. ಘಟ್ಟದ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ, ಬಿಜೆಪಿ ಕಾಲದಲ್ಲಿ. 2014ರಲ್ಲಿ ಶಂಕುಸ್ಥಾಪನೆ ಮಾಡಿದ್ದು ಕಾಂಗ್ರೆಸ್. ಸಮ್ಮಿಶ್ರ ಸರ್ಕಾರ ಬಂದರೂ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್ 6ಕ್ಕೆ ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಇಷ್ಟು ವರ್ಷದಲ್ಲಿ ಬೇಡ ಅಂದ ಸಕಲೇಶಪುರದವರು ಯಾರಿಗೆ ವೋಟ್ ಹಾಕಬೇಕಿತ್ತು? ನೀರು ಕೇಳುವ ಬಯಲುಸೀಮೆಯ ಸೀಟುಗಳು ಜಾಸ್ತಿ, ನೀರು ಕೊಡುವ ಕಡೆಯವು ಕಮ್ಮಿ. ಕುದುರೆಮುಖದ ಗಣಿಯೂ ವೋಟಿನಿಂದ ನಿಂತದ್ದಲ್ಲ. ಕೋರ್ಟಿಗೆ ಹೋದವರಿದ್ದರು, ಹೋರಾಟ ಮಾಡಿದವರಿದ್ದರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ಬಂದ್ ಆಯಿತು.

ಇನ್ನು ನಿಮ್ಮ ಫಾರಂ 53. ಇದರಲ್ಲಿ ಶಾಸಕರು ಯಾರು ಅನ್ನುವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಈ ಅರ್ಜಿಗಳನ್ನು ತೀರ್ಮಾನ ಮಾಡುವ ಬಗರ್ ಹುಕುಂ ಸಮಿತಿಗೆ ಅವರೇ ಅಧ್ಯಕ್ಷರು. ತಹಶೀಲ್ದಾರ್ ಕಾರ್ಯದರ್ಶಿ. ಗ್ರಾಮ ಲೆಕ್ಕಿಗರ ವರದಿ ಬರಬೇಕು, ಸರ್ವೆ ಆಗಬೇಕು, ಅರಣ್ಯದ ತಕರಾರು ಇಲ್ಲ ಅಂತಾಗಬೇಕು, ಆಮೇಲೆ ಹೆಸರು ಸಭೆಯ ಮುಂದೆ ಬರುತ್ತದೆ. ಸಭೆಯೇ ಕರೆಯದಿದ್ದರೆ ಫೈಲು ಕಪಾಟಿನಲ್ಲೇ. ಇನ್ನೊಂದು ತಮಾಷೆ ಏನೆಂದರೆ, ನೀವು ಸಿಟ್ಟಿನಲ್ಲಿ ಶಾಸಕರನ್ನು ಬದಲಾಯಿಸಿದರೆ ಸಮಿತಿಯೂ ಹೊಸದಾಗಿ ರಚನೆ ಆಗಬೇಕು, ಅಲ್ಲಿಯವರೆಗೆ ಕಾಯಬೇಕು. 1991ರಲ್ಲಿ ಫಾರಂ 50, 1998-99ರಲ್ಲಿ ಫಾರಂ 53, 2018ರಲ್ಲಿ ಫಾರಂ 57. ಸರ್ಕಾರ ಬದಲಾದ ಹಾಗೆ ಫಾರಂ ನಂಬರೂ ಬದಲಾಯಿತು, ರಶೀದಿ ಇಟ್ಟುಕೊಂಡವರು ಮಾತ್ರ ಅವರೇ. ಇದರ ಪಕ್ಕದಲ್ಲೇ ಕಾಫಿ ಬೆಳೆಗಾರರ ಒತ್ತುವರಿ ನೋಡಿ. 25 ಎಕರೆವರೆಗೆ 30 ವರ್ಷಕ್ಕೆ ಲೀಸ್ ಕೊಡಲು ಹಿಂದಿನ ಬಿಜೆಪಿ ಸರ್ಕಾರ ಕಾನೂನು ತಿದ್ದಿತು, ಕಾಂಗ್ರೆಸ್ ಬಂದ ಮೇಲೂ ಅದು ಮುಂದುವರಿಯಿತು. ದೊಡ್ಡವರ ಕೆಲಸಕ್ಕೆ ಎರಡೂ ಪಕ್ಷ ಒಂದಾಗುತ್ತವೆ ಅಂತ ನೀವು ಬೈದರೆ ನಾನು ಅಡ್ಡ ಬರುವುದಿಲ್ಲ. ಸದ್ಯಕ್ಕೆ 10 ರೂಪಾಯಿ ಶುಲ್ಕ ಕಟ್ಟಿ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಫಾರಂ ಯಾವ ಹಂತದಲ್ಲಿದೆ, ಸಮಿತಿಯ ಕೊನೆಯ ಸಭೆ ಯಾವತ್ತು ನಡೆಯಿತು ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಆದರೆ ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ವೋಟಿನಿಂದ ಏನಾಗುತ್ತೆ ಅಂತ ಕೇಳುತ್ತಾ ಕೂತಿದ್ದಾಗ ನಮ್ಮ ಎರಡು ವೋಟು ಕೈಯಿಂದ ಜಾರಿಹೋದವು. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ 2016ರಲ್ಲಿ ನಡೆಯಿತು. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡದ್ದು ಬಿಜೆಪಿ ಸರ್ಕಾರ. ಮೀಸಲಾತಿ ಪಟ್ಟಿಯನ್ನು ಎಳೆದಾಡಿದ್ದು ಕಾಂಗ್ರೆಸ್ ಸರ್ಕಾರ. ತಾಲ್ಲೂಕಿನಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಯಾವ ಶಾಸಕರಿಗೂ ಬೇಕಿಲ್ಲ ಅಂತ ನನ್ನ ಅನುಮಾನ. ಆನೆ ಹಾವಳಿ ಇರುವ ಹೋಬಳಿಯ ರಸ್ತೆ, ಅಂಗನವಾಡಿ, ಕುಡಿಯುವ ನೀರು ಇವೆಲ್ಲ ಜಿಲ್ಲಾ ಪಂಚಾಯ್ತಿ ಸದಸ್ಯರನ್ನು ಹಿಡಿದು ಕೇಳಬಹುದಾಗಿದ್ದ ಕೆಲಸ. ಆ ವರ್ಷಗಳಲ್ಲಿ ಹಿಡಿದು ಕೇಳುವುದಕ್ಕೆ ಸದಸ್ಯರೇ ಇರಲಿಲ್ಲ ಅಂದರೆ?

ಉಳಿದಿರುವುದು ಗ್ರಾಮ ಪಂಚಾಯ್ತಿ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಕೈ, ಕಮಲ ಒಳಗೊಳಗೆ ಇರುತ್ತದೆ ಬಿಡಿ, ಆದರೂ ನಿಂತವರು ಪಕ್ಕದ ಮನೆಯವರೇ. ನೂರು ಓಟಿನ ಒಳಗೆ ಸೋಲು ಗೆಲುವು ಆಗುವ ಜಾಗ ಅದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಎಷ್ಟೋ ಕಡೆ ಸಹಿ ಮಾಡಿಸಿ ಕಾಫಿ ಕೊಟ್ಟು ಮುಗಿಸುತ್ತಾರೆ. ನೀವು ಹೋದರೆ ಆನೆಯಿಂದ ಬೆಳೆ ಹಾಳಾದ ಲೆಕ್ಕವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಪಿಡಿಓ ಹತ್ತಿರ ಕೇಳಿ ತೆಗೆದುಕೊಳ್ಳಿ. ಮುಂದಿನ ಸಲ ವಿಧಾನಸಭೆಗೆ ವೋಟ್ ಕೇಳಿಕೊಂಡು ಬಂದವರ ಕೈಗೆ, ಅವರು ಯಾವ ಪಕ್ಷದವರೇ ಆಗಿರಲಿ, ಆ ಪ್ರತಿ ಕೊಟ್ಟು ಎರಡು ಪ್ರಶ್ನೆ ಕೇಳಿ: ಬಗರ್ ಹುಕುಂ ಸಭೆ ಎಷ್ಟು ದಿನಕ್ಕೊಮ್ಮೆ ಕರೆಯುತ್ತೀರಿ? ಜಿಲ್ಲಾ ಪಂಚಾಯ್ತಿ ಚುನಾವಣೆಯನ್ನು ಇನ್ನೊಂದು ಸಲ ಹೀಗೆ ಎಳೆದರೆ ನೀವು ಸದನದಲ್ಲಿ ಎದ್ದು ಮಾತಾಡುತ್ತೀರಾ?